ಮೊದಲು ಖಾಲಿ ಆಕಾಶ ತೋರಿಸಿ

ಮೂವತ್ತೆರಡನೆಯ ವಯಸ್ಸಿಗೆ ನಿವೃತ್ತನಾದವನಿಗೆ ಶಾಲು ಹೊದಿಸಬೇಕೋ ಬೇಡವೋ ಎಂದು ನಮ್ಮ ಸಂಘದ ಸಮಿತಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತಂತೆ. ಕೊನೆಗೆ ಹೊದಿಸಿದರು. ಶಾಲಿನ ಮೇಲೆ ಹಾರ, ಹಾರದ ಮೇಲೆ ಹಣ್ಣಿನ ಬುಟ್ಟಿ, ತಲೆಗೊಂದು ಮೈಸೂರು ಪೇಟ. ಪೇಟ ಹುಬ್ಬಿನ ತನಕ ಇಳಿದಿತ್ತು. ಆ ಫೋಟೋದಲ್ಲಿ ನಾನು ಬೇರೆ ಯಾರದೋ ಛತ್ರಕ್ಕೆ ನುಗ್ಗಿ ಸಿಕ್ಕಿಬಿದ್ದ ಮದುಮಗನ ಹಾಗೆ ಕಾಣುತ್ತೇನೆ.

ನಿವೃತ್ತಿಗೆ ಕಾರಣ ನನ್ನ ಗಂಟಲು. ಅದರೊಳಗೆ ಸಣ್ಣ ಗಂಟುಗಳಾಗಿವೆ. ಕಿವಿ ಮೂಗು ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿ, "ಏನ್ರೀ ಕೆಲಸ ನಿಮ್ದು?" ಎಂದರು. "ಆಕಾಶ ತೋರಿಸೋದು ಡಾಕ್ಟ್ರೇ" ಎಂದೆ. "ಅದಕ್ಕೆ ಬೆರಳು ಸಾಕಲ್ರೀ, ಗಂಟಲು ಯಾಕೆ?" ಎಂದರು. ನಾನು ಅವರದೇ ಧ್ವನಿಯಲ್ಲಿ, ಅವರದೇ ಮೂಗಿನ ರಾಗದಲ್ಲಿ ಅದೇ ಪ್ರಶ್ನೆಯನ್ನು ಅವರಿಗೆ ತಿರುಗಿ ಕೇಳಿದೆ. ಅವರ ನರ್ಸ್ ಬಾಗಿಲ ಹಿಂದೆ ಹೋಗಿ ನಕ್ಕರು. ಡಾಕ್ಟರು ನಗಲಿಲ್ಲ. "ಇನ್ನು ಮೇಲೆ ನಿಮ್ಮ ಧ್ವನಿ ಒಂದನ್ನೇ ಆಡಿ, ಅದೂ ಮೆತ್ತಗೆ" ಎಂದು ಬರೆದುಕೊಟ್ಟರು. ಈಗ ಬಾಯಿ ಮುಚ್ಚಿಕೊಂಡು ಮಾಡುವ ಬೇರೆ ಕೆಲಸದಲ್ಲಿದ್ದೇನೆ. ಮನೆಯವರು ಆ ಡಾಕ್ಟರಿಗೆ ಋಣಿಯಾಗಿದ್ದಾರೆ.

ನನ್ನ ಜಾಗಕ್ಕೆ ಹೊಸದಾಗಿ ಇಬ್ಬರು ಸೇರಿದ್ದೀರಿ. "ಸರ್, ಕೆಲಸ ನಿಜವಾಗ್ಲೂ ಹೇಗಿರುತ್ತೆ, ಸ್ವಲ್ಪ ಬರ್ದುಕೊಡಿ" ಎಂದು ಕೇಳಿದಿರಿ. ನನ್ನನ್ನು ಸರ್ ಎಂದು ಕರೆದ ಮೊದಲ ಪ್ರಾಣಿಗಳು ನೀವೇ ಆದ್ದರಿಂದ ಇಲ್ಲ ಎನ್ನಲು ಆಗಲಿಲ್ಲ.

ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿರುವ ನಮ್ಮ ಆಕಾಶವೀಕ್ಷಕರ ಸಂಘದಲ್ಲಿ ಎಲ್ಲರೂ ಹವ್ಯಾಸಿಗಳು, ಸಂಬಳಕ್ಕಿದ್ದವನು ನಾನೊಬ್ಬನೇ. ಹುದ್ದೆಯ ಹೆಸರು ವಿವರಣೆಕಾರ. ಹೆಸರು ಕೇಳಿ ಮರುಳಾಗಬೇಡಿ. ಟೆಲಿಸ್ಕೋಪಿನ ಮುಕ್ಕಾಲಿಯನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ನಿಲ್ಲಿಸಿಕೊಂಡು ಹೋಗುವುದು, ಮೂರು ಮಹಡಿ ಹತ್ತಿಸುವುದು, ಕ್ಯೂ ಹಿಡಿಯುವುದು, ಮಕ್ಕಳು ಕನ್ನಡಿಗೆ ಬೆರಳಿಡದಂತೆ ಕಾಯುವುದು, ಇಳಿಸುವುದು. ಮಧ್ಯೆ ಬಿಡುವಾದರೆ ಖಗೋಳ.

ಕೆಲಸಕ್ಕೆ ಸೇರಿದಾಗ ನನಗೆ ಸಪ್ತರ್ಷಿಗಳಲ್ಲಿ ಮೂವರು ಮಾತ್ರ ಪರಿಚಯ. ಸಂದರ್ಶನಕ್ಕೆ ಕೂತಿದ್ದವರು ಸಂಘದ ಸಂಚಾಲಕರು, ಪದ್ಮನಾಭ ಸರ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ತ್ಯಾಗರಾಜನಗರದ ಮನೆಯ ತಾರಸಿಯಲ್ಲಿ ಸ್ಟೀಲು ಪಾತ್ರೆಯಷ್ಟು ಹೊಳೆಯುವ ಟೆಲಿಸ್ಕೋಪನ್ನು ಸ್ವತಃ ಕಟ್ಟಿಕೊಂಡವರು. ಎತ್ತರದ ಮನುಷ್ಯ. ಮಾತಿಗೆ ಮುಂಚೆ ಒಂದು ಕೆಮ್ಮು. ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆಲ್ಲ ನಾನು ಬೇರೆ ಬೇರೆಯವರ ಧ್ವನಿಯಲ್ಲಿ "ಗೊತ್ತಿಲ್ಲ" ಎಂದೆ. ಬಸ್ ಕಂಡಕ್ಟರನ ಗೊತ್ತಿಲ್ಲ, ಪುರೋಹಿತರ ಗೊತ್ತಿಲ್ಲ, ವಾರ್ತೆ ಓದುವವರ ಗೊತ್ತಿಲ್ಲ. ಅವರು ಕೆಮ್ಮಿದರು. "ನಕ್ಷತ್ರ ಕಲಿಸಬಹುದು ಕಣೋ. ಚಳೀಲಿ ನಿಂತಿರೋ ಕ್ಯೂನ ನಗಿಸೋದು ಕಲಿಸಕ್ಕಾಗಲ್ಲ. ನಾಳೆ ಬಾ" ಎಂದರು.

ಹಾಗೆ ಶುರುವಾಯಿತು. ಶಾಲೆಗಳಲ್ಲಿ ಗ್ರಹಗಳಿಗೆಲ್ಲ ಒಂದೊಂದು ಧ್ವನಿ ಕೊಟ್ಟೆ. ಗುರು, ಸುತ್ತ ಆಳುಕಾಳು ಇಟ್ಟುಕೊಂಡ ಚಾಮರಾಜಪೇಟೆಯ ಕಂಟ್ರ್ಯಾಕ್ಟರು. ಶುಕ್ರ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಸೀರೆ ಆರಿಸುತ್ತಿರುವ ಅತ್ತೆ. ಶನಿ ಮಾತ್ರ ಯಾರಿಗೂ ಕೆಟ್ಟದ್ದು ಮಾಡದ, ಬೆಳಗ್ಗೆ ಎದ್ದರೆ ಎಲ್ಲರ ಬೈಗುಳ ತಿನ್ನುವ ಬಡಪಾಯಿ ಗುಮಾಸ್ತ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡವರು ಬೇರೆಯೇ ಪ್ರಶ್ನೆ ತರುತ್ತಿದ್ದರು. "ನಮ್ಮ ಹುಡುಗಿದು ಪೂರ್ವಾಭಾದ್ರ, ಸ್ವಲ್ಪ ತೋರಿಸಿಬಿಡಿ, ಯಾಕೆ ಯಾವ ಗಂಡೂ ಒಪ್ತಿಲ್ಲ ಅಂತ ನೋಡೋಣ" ಎಂದು ಹನುಮಂತನಗರದ ಒಬ್ಬರು ಗಂಭೀರವಾಗಿ ಕೇಳಿದ್ದರು. ಇಂಥ ಪ್ರಶ್ನೆಗೆ ನಗಬೇಡಿ. ತೋರಿಸಿ. ನೋಡಿದ ಮೇಲೆ ಅವರೇ ಹಗುರಾಗಿ ಹೋಗುತ್ತಾರೆ.

ಒಂದು ಪ್ರಸಂಗ ಹೇಳದಿದ್ದರೆ ಈ ಕೆಲಸದ ಮುಖ್ಯ ಪದ್ಧತಿ ನಿಮಗೆ ಅರ್ಥವಾಗುವುದಿಲ್ಲ. ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕೆ ಶನಿಗ್ರಹ ತೋರಿಸಲು ನಮ್ಮನ್ನು ಕರೆದಿದ್ದರು. ಮುಖ್ಯ ಅತಿಥಿಗಳು ಬಂದರು, ಹಿಂದೆ ಹಾರ ಹಿಡಿದ ಜನ ಬಂದರು. ಅತಿಥಿಗಳು ಬಗ್ಗಿ ಕಣ್ಣಿಟ್ಟರು. ಸುಮಾರು ಹೊತ್ತು ನೋಡಿದರು. ತಲೆಯೆತ್ತಿ, "ಅದ್ಭುತ! ಉಂಗುರ ಎಷ್ಟು ಸ್ಪಷ್ಟ!" ಎಂದರು. ಅವರ ಹಿಂದಿದ್ದವರೂ ಒಬ್ಬೊಬ್ಬರಾಗಿ ನೋಡಿ, ಉಂಗುರವನ್ನು ಹೊಗಳಿದರು. ಮೆರವಣಿಗೆ ಹೋದ ಮೇಲೆ ನೋಡುತ್ತೇನೆ, ಟೆಲಿಸ್ಕೋಪಿನ ಮುಂದಿನ ಮುಚ್ಚಳ ನಾನು ತೆಗೆದೇ ಇರಲಿಲ್ಲ.

ನಾನು ನಕ್ಕು ನಕ್ಕು ಕಣ್ಣೀರು ಸುರಿಸಿದೆ. ಪದ್ಮನಾಭ ಸರ್ ನಗಲಿಲ್ಲ. "ಅವರು ಸುಳ್ಳು ಹೇಳಲಿಲ್ಲ ಕಣೋ. ಕಾಣಬೇಕು ಅಂತ ಇತ್ತು, ಕಂಡಿತು. ನಿನಗೂ ಹಾಗೇ ಆಗುತ್ತೆ, ನನಗೂ ಆಗುತ್ತೆ. ಅದಕ್ಕೇ ಖಾಲಿ ನೋಟ ಇರೋದು" ಎಂದರು.

ಖಾಲಿ ನೋಟ ಎಂದರೆ ಇಷ್ಟೇ. ಮಸುಕಾದ ಏನನ್ನಾದರೂ ಹುಡುಕುವಾಗ, ನೋಡುವವರಿಗೆ ಮೊದಲು ಅದು ಇಲ್ಲದ ಆಕಾಶದ ತುಂಡನ್ನು ತೋರಿಸಬೇಕು. ಯಾವುದು ಖಾಲಿ, ಯಾವುದು ನಿಜ ಎಂದು ಹೇಳಬಾರದು. ಖಾಲಿಯಲ್ಲಿ "ಏನೂ ಇಲ್ಲ" ಎಂದವರು ನಿಜದಲ್ಲಿ "ಇದೆ" ಎಂದರೆ ಮಾತ್ರ ಕಂಡಿತು ಎಂದು ಲೆಕ್ಕ. ಅದು ಯಾವ ಕಡೆ ಚಾಚಿದೆ, ಹೇಗಿದೆ ಎಂಬುದನ್ನೂ ಅವರೇ ಮೊದಲು ಹೇಳಬೇಕು. ಆಗಲೇ ಕಂಡವರು ಬಾಯಿ ಬಿಡಬಾರದು. ಅದನ್ನು ಮೊದಲ ಸಲ ನನ್ನ ಮೇಲೆ ಪ್ರಯೋಗಿಸಿದಾಗ ನಾನು ಖಾಲಿ ಆಕಾಶದಲ್ಲಿ ಒಂದು ಇಡೀ ಗೆಲಾಕ್ಸಿ ಕಂಡು, ಅದರ ಸುರುಳಿಗಳನ್ನೂ ವರ್ಣಿಸಿದ್ದೆ.

ಸರ್ ಅವರನ್ನು ನಾನು ಅನುಕರಿಸುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಸಂಘದ ತಾರಸಿಯಲ್ಲಿ ಎಲ್ಲರೂ ಸೇರಿದ್ದಾಗ ಅವರ ಕೆಮ್ಮು ಹಾಕಿ, "ಅವಸರ ಬೇಡ, ಆಕಾಶ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದೆ. ಜನ ನಗುವುದನ್ನು ನಿಲ್ಲಿಸಿಬಿಟ್ಟರು. ಹಿಂದೆ ಅವರು ನಿಂತಿದ್ದರು. "ಕೆಮ್ಮು ಚೆನ್ನಾಗಿದೆ. ಆದ್ರೆ ಕೆಮ್ಮಿಗೂ ಮಾತಿಗೂ ನಡುವೆ ಒಂದು ಉಸಿರು ಬಿಡ್ಬೇಕು, ಇಲ್ದಿದ್ರೆ ಬರೀ ನೆಗಡಿ ಥರ ಕೇಳುತ್ತೆ" ಎಂದು ತಿದ್ದಿಕೊಟ್ಟು ಹೋದರು. ನನಗೆ ಅನುಕರಣೆ ಕಲಿಸಿದ ಗುರುವೂ ಅವರೇ ಎನ್ನಬೇಕು.

ಇನ್ನು ಧೂಮಕೇತುವಿನ ಮಾತು.

ಆ ವರ್ಷ ದಸರಾ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸುವ ಹೊತ್ತಿಗೆ ಒಂದು ಧೂಮಕೇತು ಸೂರ್ಯನನ್ನು ಸುತ್ತಿಕೊಂಡು ಸಂಜೆಯ ಪಡುವಣ ಆಕಾಶಕ್ಕೆ ಬರುವುದಿತ್ತು. ಬರಿಗಣ್ಣಿಗೇ ಕಂಡರೂ ಕಾಣಬಹುದು ಎಂಬ ಸುದ್ದಿ. ಸಂಘದ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಅರ್ಧ ಜನ ಎಲ್ಲಿ ನೋಡುವುದು ಎಂದು ಕೇಳಿದರು, ಇನ್ನರ್ಧ ಜನ ಶಾಂತಿ ಮಾಡಿಸಬೇಕೇ ಎಂದು ಕೇಳಿದರು. ನಮ್ಮ ಖಜಾಂಚಿ ವಿಮಲಾ ಮೇಡಂ ಎರಡನೆಯವರಿಗೆ, "ಬೇಡ, ನೀವು ಗಲಾಟೆ ಮಾಡದೆ ಬಂದು ನೋಡಿದ್ರೆ ಸಾಕು, ಅದೇ ಶಾಂತಿ" ಎನ್ನುತ್ತಿದ್ದರು. ಸಂಘದ ತಾರಸಿಗೆ ಪಶ್ಚಿಮದಲ್ಲಿ ಅಪಾರ್ಟ್‌ಮೆಂಟ್ ಅಡ್ಡ ಬಂದಿದ್ದರಿಂದ ಹನುಮಂತನಗರದ ಗುಡ್ಡದ ಮೇಲಿಂದ ತೋರಿಸುವುದು ಎಂದು ತೀರ್ಮಾನವಾಯಿತು.

ಆ ದಿನಗಳಲ್ಲೇ ವಿಮಲಾ ಮೇಡಂ ಒಂದು ದೂರು ಹೇಳಿದ್ದರು. "ಪದ್ಮನಾಭ ಸರ್‌ಗೆ ಈಚೀಚೆಗೆ ಜಂಭ ಬಂದಿದೆ ಕಣೋ ಪ್ರಸಾದ. ರಸ್ತೇಲಿ ಎದುರಿಗೇ ಸಿಕ್ಕಿದ್ರೂ ಮಾತಾಡಿಸಲ್ಲ." ನಾನು ಅವರ ಧ್ವನಿಯಲ್ಲೇ "ಜಂಭ ಬಂದಿದೆ ಕಣೋ" ಎಂದು ಅಣಕಿಸಿದೆ. ಫ್ಲಾಸ್ಕಿನ ಮುಚ್ಚಳದಿಂದ ತಲೆಗೆ ಕುಟ್ಟಿಸಿಕೊಂಡೆ.

ಮರುದಿನ ಸಾಯಂಕಾಲ, ಇನ್ನೂ ಬೆಳಕು ಚೆನ್ನಾಗಿರುವಾಗಲೇ, ಸಂಘದ ತಾರಸಿಗೆ ಹೋದೆ. ಆಗಷ್ಟೇ ಮಳೆ ನಿಂತಿತ್ತು. ಸರ್ ಒಬ್ಬರೇ ದೊಡ್ಡ ದುರ್ಬೀನಿಗೆ ಸ್ಟ್ಯಾಂಡು ಜೋಡಿಸುತ್ತಿದ್ದರು. ನನಗೆ ಚೇಷ್ಟೆ. ಮೆಟ್ಟಿಲ ಬಾಗಿಲಲ್ಲಿ ನಿಂತು ವಿಮಲಾ ಮೇಡಂ ಧ್ವನಿ ತೆಗೆದೆ.

"ಸರ್, ನಿಮ್ಗೆ ಹೇಳಿ ಹೇಳಿ ನಂಗೆ ಸಾಕಾಯ್ತು. ಚಪ್ಪಲಿ ಕೆಳಗೇ ಬಿಟ್ಟು ಬನ್ನಿ ಅಂತ ಒಬ್ಬರಿಗಾದ್ರೂ ಹೇಳ್ತೀರಾ?"

ಅವರು ತಲೆಯೆತ್ತಿದರು. ನೇರವಾಗಿ ನನ್ನ ಕಡೆ ನೋಡಿದರು. ಗಡ್ಡ ಬಿಟ್ಟ, ಜೀನ್ಸ್ ಹಾಕಿದ, ತಲೆಯ ಮೇಲೆ ಇನ್ನೂ ಹೆಲ್ಮೆಟ್ ಇರುವ ನನ್ನನ್ನು ನೋಡಿ ಪ್ರೀತಿಯಿಂದ ಹೇಳಿದರು: "ಹೇಳ್ತೀನಮ್ಮ. ಸೀರೆ ನೆರಿಗೆ ಎತ್ತಿ ಹಿಡ್ಕೊಂಡು ಬಾ, ಹೊಸಲು ಒದ್ದೆಯಾಗಿದೆ, ಜಾರ್ತೀಯ."

ತಮಾಷೆಗೆ ತಮಾಷೆ ಎಂದುಕೊಂಡೆ. ಮುಂದೆ ಹೋದೆ. ಅವರು ಸ್ಟ್ಯಾಂಡಿನ ಕಾಲು ಸರಿಸಿ ಆ ಕಾಣದ ಸೀರೆಗೆ ದಾರಿ ಬಿಟ್ಟರು. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಸರ್," ಎಂದೆ, ನನ್ನ ಧ್ವನಿಯಲ್ಲಿ. "ನಾನು. ಪ್ರಸಾದ."

ಅವರು ಸ್ಟ್ಯಾಂಡಿನ ತಿರುಪು ಬಿಟ್ಟು ನೆಟ್ಟಗೆ ನಿಂತರು. ಆಮೇಲೆ, "ಚೆನ್ನಾಗಿ ಮಾಡ್ದೆ ಕಣೋ. ವಿಮಲಾನೇ ಅನ್ಕೊಂಡೆ" ಎಂದರು. ಕೆಮ್ಮಿದರು, ಒಂದು ಉಸಿರು ಬಿಟ್ಟರು. "ಎರಡು ಕಣ್ಣಿನ ನಡುಭಾಗವೂ ಹೋಗಿದೆ. ಗಾಜಿನ ಮೇಲೆ ಯಾರೋ ಹೆಬ್ಬೆರಳು ಒತ್ತಿ ಒರೆಸಿದ ಹಾಗೆ. ನೀನು ನಿಂತಿರೋ ಕಡೆ ನೋಡಿದ್ರೆ ನಿನ್ನ ಮುಖ ಇಲ್ಲ. ಕಿವಿ ಎರಡೂ ಇವೆ."

"ನನ್ನ ಮುಖ ಇಲ್ದಿದ್ರೆ ನಷ್ಟ ಏನಿಲ್ಲ ಸರ್" ಎಂದೆ.

"ಅದೂ ನಿಜ" ಎಂದು ನಕ್ಕರು. ಜನರನ್ನು ಧ್ವನಿಯಿಂದ ಗುರುತು ಹಿಡಿಯುತ್ತ, ಮೆಟ್ಟಿಲನ್ನು ಅಭ್ಯಾಸದಿಂದ ಹತ್ತುತ್ತ, ಹೇಗೋ ನಡೆಸಿಕೊಂಡು ಬಂದಿದ್ದರು. ಡಾಕ್ಟರು ಇನ್ನು ಹಿಂದಕ್ಕೆ ಬರುವುದಿಲ್ಲ ಎಂದಿದ್ದರಂತೆ.

"ಎಲ್ಲರಿಗೂ ಹೇಳೋಣ ಸರ್. ನಾವೆಲ್ಲ ಇದೀವಲ್ಲ."

"ಬೇಡ. ಈ ಧೂಮಕೇತು ಆಗಲಿ." ಅವರು ಕೈ ಚಾಚಿ ದುರ್ಬೀನನ್ನು ಮುಟ್ಟಿದರು. "ಈಗಲೇ ಹೇಳಿದ್ರೆ ಏನಾಗುತ್ತೆ ಗೊತ್ತಾ? ಪ್ರತಿಯೊಬ್ಬರೂ ನನ್ನ ಕೈ ಹಿಡ್ಕೊಂಡು, ಅಗೋ ಸರ್, ಮೇಲಕ್ಕೆ ಸರ್, ಹಿಂಗಿದೆ ಸರ್ ಅಂತ ವರ್ಣಿಸ್ತಾರೆ. ಪ್ರೀತಿಗೆ. ಆಮೇಲೆ ನಾನು ಕಂಡೆನೋ, ಕಂಡೆ ಅಂತ ಅನ್ಕೊಂಡೆನೋ ನನಗೇ ಗೊತ್ತಾಗಲ್ಲ. ಮುಂದೆ ಇನ್ನೊಂದು ಧೂಮಕೇತುಗೆ ನನ್ನ ಹತ್ರ ಕಣ್ಣು ಉಳಿದಿರಲ್ಲ. ಇದೊಂದನ್ನ ನಾನೇ ನೋಡ್ಬೇಕು."

"ನಡುಭಾಗ ಹೋಗಿದ್ರೆ ಹೇಗೆ ಸರ್?"

"ನಡುಭಾಗ ಹೋಗಿದೆ, ಅಂಚು ಇದೆ. ಮಸುಕಾದದ್ದನ್ನ ನಾವು ನೋಡೋದೇ ಓರೆಯಾಗಿ ಅಲ್ವೇನೋ? ನೇರ ನೋಡಿದ್ರೆ ಮಾಯ ಆಗುತ್ತೆ, ಪಕ್ಕಕ್ಕೆ ನೋಡಿದ್ರೆ ಕಾಣುತ್ತೆ. ಜೀವಮಾನ ಎಲ್ಲಾ ಅದನ್ನೇ ಅಭ್ಯಾಸ ಮಾಡಿದೀನಿ. ನೋಡೋಣ." ನನ್ನ ಕಿವಿಗಳ ಕಡೆ ತಿರುಗಿ, "ಮತ್ತೆ, ನನಗೂ ಖಾಲಿ ನೋಟ ಕೊಡ್ಬೇಕು. ನಿನ್ನ ಧ್ವನಿ ಏನೂ ಬಿಟ್ಕೊಡಬಾರದು. ನಿನಗೆ ಅದು ಕಷ್ಟ ಆಗಬಾರದಲ್ಲ?" ಎಂದರು.

ಮಾತು ಕೊಟ್ಟೆ. ಹತ್ತು ಜನರ ಧ್ವನಿ ಒಂದೇ ಉಸಿರಿನಲ್ಲಿ ಮಾಡುವವನಿಗೆ ಯಾವ ಧ್ವನಿಯೂ ಅಲ್ಲದ ಧ್ವನಿಯೊಂದನ್ನು ಇಟ್ಟುಕೊಳ್ಳುವುದು ಎಂಥ ಕಷ್ಟ ಎಂದು ಆಗಿನ್ನೂ ಗೊತ್ತಿರಲಿಲ್ಲ.

ಗುಡ್ಡದ ಮೇಲಿನ ಮೊದಲ ಸಂಜೆ ನನ್ನ ವೃತ್ತಿಜೀವನದ ಅತಿ ದೊಡ್ಡ ಎಡವಟ್ಟು ನಡೆಯಿತು. ಮಕ್ಕಳು, ಅಜ್ಜಿಯರು, ಕಡಲೆಕಾಯಿ ಮಾರುವವರು, ವಾಕಿಂಗ್ ಬಂದವರು, ಎಲ್ಲ ಸೇರಿ ಜಾತ್ರೆಗೆ ಕಡಿಮೆ ಇರಲಿಲ್ಲ. ಸೂರ್ಯ ಮುಳುಗಿದ. ಶುಕ್ರ ಮಿನುಗತೊಡಗಿತು. ಅದರ ಬಲಕ್ಕೆ ಹೊಳೆಯುವ ಒಂದು ಗೆರೆ ಕಂಡಿತು. ನಾನು ಮೈಕು ಹಿಡಿದು, ವಾರ್ತೆ ಓದುವವರ ಧ್ವನಿಯಲ್ಲಿ, "ಮಹನೀಯರೇ, ಮಹಿಳೆಯರೇ, ಅಗೋ! ಯುಗಯುಗಗಳ ಅತಿಥಿ!" ಎಂದೆ. ಚಪ್ಪಾಳೆಯೋ ಚಪ್ಪಾಳೆ. ಒಬ್ಬರು ಕೈಮುಗಿದರು. ಅತಿಥಿ ಸರಸರನೆ ಎದ್ದು ಉತ್ತರಕ್ಕೆ ಹೊರಟಿತು.

ಹಿಂದಿನಿಂದ ಒಬ್ಬ ಹುಡುಗ, "ಗುರು, ನಿನ್ ಧೂಮಕೇತು ರೆಕ್ಕೇಲಿ ಲೈಟ್ ಮಿಣುಕ್ತಿದೆ!" ಎಂದ.

ಮುಳುಗಿದ ಸೂರ್ಯನ ಬೆಳಕು ಬಿದ್ದ ವಿಮಾನದ ಹೊಗೆ. ನೆನಪಿಟ್ಟುಕೊಳ್ಳಿ: ಸಂಜೆಯ ಪಶ್ಚಿಮದಲ್ಲಿ ಚೆಂದಕ್ಕೆ ಹೊಳೆಯುವುದು ಸಾಮಾನ್ಯವಾಗಿ ಹೈದರಾಬಾದಿಗೋ ಮುಂಬೈಗೋ ಹೋಗುತ್ತಿರುತ್ತದೆ. ಧೂಮಕೇತು ಅಲ್ಲೇ, ಅದೇ ಜಾಗದಲ್ಲಿ, ಬಡವರ ಮನೆಯ ದೀಪದಂತೆ ಮಂಕಾಗಿ ನಿಂತಿರುತ್ತದೆ. ಆ ದಿನ ಅದನ್ನು ಹುಡುಕುವಷ್ಟರಲ್ಲಿ ಮೋಡ ಕವಿಯಿತು.

ಅಲ್ಲಿಂದ ಮುಂದೆ ಮೋಡವೇ ಮೋಡ. ನಡುವೆ ಒಂದಿಷ್ಟು ಹೊತ್ತು ಬಿಡುವು ಸಿಕ್ಕ ದಿನ ಹುಡುಗರೆಲ್ಲ ಫೋನು ಎತ್ತಿ ಹಿಡಿದರು. ಈಗಿನ ಫೋನುಗಳು ಕೆಲವು ಸೆಕೆಂಡು ಅಲುಗಾಡದೆ ನಿಂತರೆ ಕಣ್ಣಿಗೆ ಕಾಣದ್ದನ್ನೂ ಹಿಡಿಯುತ್ತವೆ. ಪರದೆಯ ಮೇಲೆ ಬಾಲ ಸಮೇತ ಧೂಮಕೇತು. ಜನ ಅದನ್ನೇ ನೋಡಿ, ಫಾರ್ವರ್ಡ್ ಮಾಡಿ, ದೋಸೆ ತಿನ್ನಲು ಹೊರಟರು. ನಾನು ಅವರನ್ನು ಅಣಕಿಸುತ್ತೇನೆ, ಆದರೆ ಮೊದಲು ಫಾರ್ವರ್ಡ್ ಮಾಡಿದವನು ನಾನೇ. ಆಮೇಲೆ ದೊಡ್ಡ ಟ್ಯಾಬ್ ಒಂದರಲ್ಲಿ ಅದೇ ಚಿತ್ರ ಹಾಕಿಕೊಂಡು ಸರ್ ಹತ್ತಿರ ಹೋಗಿ ಪಿಸುಗುಟ್ಟಿದೆ: "ಸರ್, ದೊಡ್ಡದಾಗಿ ಮಾಡಿದೀನಿ. ಓರೆಯಾಗಿ ನೋಡಿ."

"ಇದು ಫೋನು ಕಂಡಿದ್ದು. ಅದಕ್ಕೆ ಒಳ್ಳೇದಾಗಲಿ" ಎಂದರು. ಅವರು ಪರದೆಯ ಕಡೆ ತಿರುಗಲೂ ಇಲ್ಲ. ಬಾಲ ಯಾವ ಕಡೆ ಎಂದು ಅಕಸ್ಮಾತ್ ತಿಳಿದುಬಿಟ್ಟೀತೆಂಬ ಭಯ.

ದಿನ ಕಳೆದಂತೆ ಧೂಮಕೇತು ಮೇಲೇರುತ್ತ ಮಸುಕಾಗುತ್ತ ಹೋಯಿತು. ಜೊತೆಗೆ ಹುಣ್ಣಿಮೆ ಬಂದು ಇರುವ ಕತ್ತಲನ್ನೂ ತಿಂದಿತು. ಒಂದು ಸಂಜೆ ಪಶ್ಚಿಮದಲ್ಲಿ ಮೋಡ ಹರಿದು ಒಂದು ಕಿಂಡಿಯಾಯಿತು. ಸರ್ ಗುಡ್ಡದ ಅಂಚಿನ ಕಂಬಿ ಹಿಡಿದು ನಿಂತಿದ್ದರು. ಮುಖವನ್ನು ಶುಕ್ರನಿಂದ ದೂರಕ್ಕೆ, ಬಿನ್ನಿಪೇಟೆಯ ಕಡೆಗೆ ತಿರುಗಿಸಿ, ಕಣ್ಣಂಚಿನಿಂದ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದರು.

"ಪ್ರಸಾದ. ಕಂಡಿತು ಕಣೋ. ಬೆಳ್ಳಗೆ. ಗೆರೆ. ಬರಿಗಣ್ಣಿಗೇ."

ನಾನು ನೋಡಿದೆ. ಗೆರೆ ಇತ್ತು. ಚಲಿಸುತ್ತಿತ್ತು. ಅದರ ತುದಿಯಲ್ಲಿ ದೀಪ ಮಿಣುಕುತ್ತಿತ್ತು.

ಒಂದು "ಹೌದು ಸರ್" ಸಾಕಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೌದು ಎನ್ನಲು ಎಷ್ಟು ಬಗೆಯ ಧ್ವನಿ ನನ್ನ ಹತ್ತಿರವಿತ್ತು! ಸಂತೋಷದ ಹೌದು, ಬೆರಗಿನ ಹೌದು, ವಿಮಲಾ ಮೇಡಂ ಥರದ ಹೌದು. ಬಾಯಿ ತೆರೆದೂ ಆಗಿತ್ತು. ಆದರೆ ಆ ಮನುಷ್ಯ ತಮ್ಮ ಕೊನೆಯ ಧೂಮಕೇತುವನ್ನು ನನ್ನ ನಾಲಿಗೆಯ ಮೇಲೆ ನಂಬಿ ಇಟ್ಟಿದ್ದರು.

"ಸರ್, ಅದು ವಿಮಾನ."

ಮೊಣಕೈ ಬಿಟ್ಟರು. ಮತ್ತೆ ಕಂಬಿ ಹಿಡಿದು, "ನಿನ್ನದಕ್ಕಿಂತ ಚೆನ್ನಾಗಿತ್ತೇನೋ, ನನ್ನ ವಿಮಾನ?" ಎಂದರು.

"ನಂದು ದೊಡ್ಡದಿತ್ತು ಸರ್. ಚಪ್ಪಾಳೆನೂ ಬಂತು."

"ಸರಿ ಬಿಡು" ಎಂದು ನಕ್ಕರು. ಕಿಂಡಿ ಮುಚ್ಚಿಕೊಂಡಿತು. ಆ ದಿನ ಅವರನ್ನು ಸ್ಕೂಟರಿನ ಮೇಲೆ ಮನೆಗೆ ಬಿಟ್ಟೆ. ಗೇಟಿನ ಹತ್ತಿರ ಇಳಿದು, "ಥ್ಯಾಂಕ್ಸ್ ಕಣೋ" ಎಂದಷ್ಟೇ ಹೇಳಿ ಒಳಗೆ ಹೋದರು. ನನ್ನನ್ನು ಯಾರೂ ಅಷ್ಟು ಹೊಗಳಿಲ್ಲ.

ಹುಣ್ಣಿಮೆ ಕಳೆದು ಚಂದ್ರ ತಡವಾಗಿ ಹುಟ್ಟಲು ಶುರುವಾದ ಮೇಲೆ ಒಂದು ಸಂಜೆ ಆಕಾಶ ತೊಳೆದ ಹಾಗೆ ತೆರೆಯಿತು. ಅಷ್ಟು ಹೊತ್ತಿಗೆ ಬರಿಗಣ್ಣಿಗೆ ಏನೂ ಉಳಿದಿರಲಿಲ್ಲ, ದುರ್ಬೀನೇ ಬೇಕು. ಇನ್ನು ಕೆಲವು ದಿನ ಹೋದರೆ ಅದಕ್ಕೂ ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಜನ ಗುಡ್ಡ ಹತ್ತಿ ಬಂದಿದ್ದರು. ದಕ್ಷಿಣದಲ್ಲಿ ಮತ್ತೆ ಮೋಡ ಏಳುತ್ತಿತ್ತು, ಮಿಂಚೂ ಇತ್ತು.

ನಾನು ಸ್ಟ್ಯಾಂಡಿನ ಮೇಲಿನ ದುರ್ಬೀನನ್ನು ಹೊಂದಿಸಿದೆ. ಕ್ಯೂ ಬಿಡುವ ಮುಂಚೆ ಸಂಚಾಲಕರು ಒಮ್ಮೆ ಪರೀಕ್ಷಿಸುವುದು ಸಂಘದ ವಾಡಿಕೆ, ಆದ್ದರಿಂದ ಸರ್ ಮುಂದೆ ಬಂದಾಗ ಯಾರಿಗೂ ಅನುಮಾನ ಬರಲಿಲ್ಲ.

ಮೋಡ ಬರುತ್ತಿತ್ತು. ಖಾಲಿ ನೋಟಕ್ಕೆ ಹೊತ್ತಿಲ್ಲ, ನೇರವಾಗಿ ಧೂಮಕೇತುವಿನ ಮೇಲೇ ಇಟ್ಟುಬಿಡೋಣ ಎಂದು ಮನಸ್ಸು ಹೇಳಿತು. ಕೈ ಮಾತ್ರ ಕೇಳಲಿಲ್ಲ. ದುರ್ಬೀನನ್ನು ಪಕ್ಕದ ಬರೀ ಆಕಾಶಕ್ಕೆ ತಿರುಗಿಸಿದೆ.

"ನೋಡಿ ಸರ್."

ಅವರು ಬಗ್ಗಿದರು. ತಲೆಯನ್ನು ಅತ್ತ ಇತ್ತ ವಾಲಿಸಿದರು. "ಏನೂ ಇಲ್ಲ."

ಮತ್ತೆ ಸರಿಸಿದೆ. ಮತ್ತೆ ಖಾಲಿ. "ನೋಡಿ ಸರ್." ಅದೇ ಧ್ವನಿ ಬರಬೇಕೆಂದು ಹಲ್ಲು ಕಚ್ಚಿದ್ದೆ.

ಈ ಸಲ ಬಹಳ ಹೊತ್ತು ನೋಡಿದರು. ಈಗ ಇದೆ ಎಂದುಬಿಟ್ಟರೆ? ಕಾಣಬೇಕು ಎಂಬ ಆಸೆ ಅವರಲ್ಲಿ ಎಷ್ಟಿತ್ತೋ ನನಗೆ ಗೊತ್ತಿತ್ತು. ಕ್ಯೂನಿಂದ ಯಾರೋ, "ಏನ್ ಸ್ವಾಮಿ, ಒಬ್ಬರೇ ಮುಗಿಸ್ತೀರಾ?" ಎಂದರು.

"ಏನೂ ಇಲ್ಲ" ಎಂದರು ಸರ್. ಧ್ವನಿ ಸಣ್ಣದಾಗಿತ್ತು.

ಮೂರನೆಯ ಸಲ ಧೂಮಕೇತುವಿನ ಮೇಲೆ ತಂದು ನಿಲ್ಲಿಸಿದೆ. ನಾನೊಮ್ಮೆ ನೋಡಿ ಸರಿದೆ. "ನೋಡಿ ಸರ್."

ಬಗ್ಗಿದರು. ನೇರ ನೋಡಿದರು, ಬಿಟ್ಟರು. ಕಣ್ಣನ್ನು ಬಲಕ್ಕೆ ಹೊರಳಿಸಿದರು. ಕೆಳಕ್ಕೆ. ಮತ್ತೆ ಬಲಕ್ಕೆ. ಅಲ್ಲೇ ನಿಂತರು. ಕೆಮ್ಮು ಬರಲಿಲ್ಲ.

"ಇದೆ."

ನಾನು ಮಾತಾಡಲಿಲ್ಲ.

"ದುಂಡು ತಲೆ. ಹತ್ತಿ ಉಂಡೆ ಥರ. ಬಾಲ ಮೇಲಕ್ಕೆ... ಪೂರಾ ನೆಟ್ಟಗಿಲ್ಲ. ಎಡಕ್ಕೆ ಒರಗಿದೆ." ಇನ್ನೂ ನೋಡುತ್ತಲೇ ಕೇಳಿದರು: "ಇದೆಯೇನೋ?"

ಹೌದು ಎನ್ನಬೇಕಾದ ಹೊತ್ತು ಅದು, ಮತ್ತು ನನ್ನ ಹತ್ತಿರ ಒಂದು ಧ್ವನಿಯೂ ಇರಲಿಲ್ಲ. ಗಂಟಲಿನಿಂದ ಏನೋ ಗೊರಗೊರ ಬಂತು.

"ಇದು ಯಾರ ಧ್ವನಿಲಿ ಅಳ್ತಿದೀಯೋ?" ಎಂದರು, ದುರ್ಬೀನಿನಿಂದ ಕಣ್ಣು ತೆಗೆಯದೆ.

"ನಂದೇ ಸರ್."

"ಇದನ್ನ ಇನ್ನೂ ಅಭ್ಯಾಸ ಮಾಡ್ಬೇಕು ನೀನು."

ಅವರು ಎದ್ದು ಪಕ್ಕಕ್ಕೆ ನಿಂತರು. ಕ್ಯೂ ಬಿಟ್ಟೆವು. ಮೊದಲು ಬಂದವರು ತ್ಯಾಗರಾಜನಗರದ ಸರೋಜಮ್ಮ ಎಂಬ ಅಜ್ಜಿ. ಕೊಡೆ ಊರಿಕೊಂಡು ಗುಡ್ಡ ಹತ್ತಿದ್ದರು. ದುರ್ಬೀನಿಗೆ ಕಣ್ಣಿಟ್ಟು ಎಷ್ಟೋ ಹೊತ್ತು ಪರದಾಡಿ, "ನಂಗೇನೂ ಕಾಣ್ತಿಲ್ಲಪ್ಪ. ಬರೀ ಕಪ್ಪು. ಬಿಡಿ, ಇನ್ನು ಈ ಕಣ್ಣಿಗೆಲ್ಲಿ ಇವೆಲ್ಲ" ಎಂದು ಸೆರಗು ಹೊದ್ದುಕೊಂಡು ಹೊರಟರು.

"ನಿಂತ್ಕೊಳ್ಳಿ ಅಮ್ಮ" ಎಂದರು ಸರ್.

ಅವರು ನಿಂತರು. ಸಂಘದವರೆಲ್ಲ ಅಲ್ಲೇ ಇದ್ದರು. ವಿಮಲಾ ಮೇಡಂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಸರ್ ಕೆಮ್ಮಿದರು, ಉಸಿರು ಬಿಟ್ಟರು. ಧ್ವನಿ ತಗ್ಗಿಸಲಿಲ್ಲ.

"ನನಗೆ ಎರಡೂ ಕಣ್ಣಿನ ನಡುಭಾಗ ಹೋಗಿದೆಯಮ್ಮ. ನಿಮ್ಮ ಮುಖ ನನಗೆ ಕಾಣ್ತಿಲ್ಲ. ಇಲ್ಲಿರೋ ಯಾರ ಮುಖವೂ ಕಾಣಲ್ಲ. ಆದ್ರೆ ಈಗ ತಾನೇ ಅದು ನನಗೆ ಕಂಡಿದೆ. ನನಗೇ ಕಂಡ್ಮೇಲೆ ನಿಮಗೆ ಕಾಣದೆ ಎಲ್ಲಿಗೆ ಹೋಗುತ್ತೆ? ಬನ್ನಿ. ಅದನ್ನ ಹುಡುಕಬೇಡಿ. ಕಣ್ಣು ಬಲಗಡೆ ಅಂಚಿಗೆ ಇಟ್ಕೊಳ್ಳಿ, ಸುಮ್ನೆ. ಬೇರೆ ಯಾರನ್ನೋ ನೋಡೋ ಹಾಗೆ ನಟಿಸಿ."

ಸರೋಜಮ್ಮ ತಿರುಗಿ ಬಂದು ಬಗ್ಗಿದರು. ವಿಮಲಾ ಮೇಡಂ ಕೈಯ ಲೋಟ ತುಂಬಿ ಹರಿದು ಸೀರೆಯ ಮೇಲೆ ಸುರಿಯುತ್ತಿತ್ತು.

"ಅಯ್ಯೋ," ಎಂದರು ಸರೋಜಮ್ಮ. "ಬಂತು. ಊದುಬತ್ತಿ ಹೊಗೆ ಥರ."

"ಯಾವ ಕಡೆಗಮ್ಮ ಬಾಲ?"

"ಮೇಲಕ್ಕೆ. ಒಂಚೂರು ಎಡಕ್ಕೆ."

ಸರ್ ತಲೆಯಾಡಿಸಿದರು. ಆಮೇಲೂ ಯಾರೂ ಅಲುಗಲಿಲ್ಲ. ಅವರು ನನ್ನ ಕಡೆಗೆ ವಾಲಿ, "ಯಾಕೋ ಪ್ರಸಾದ, ಯಾರೂ ಮಾತೇ ಆಡ್ತಿಲ್ಲ?" ಎಂದರು.

"ಎಲ್ಲರೂ ನಿಮ್ಮನ್ನೇ ನೋಡ್ತಿದಾರೆ ಸರ್."

"ನನ್ನನ್ನೇನ್ರೀ ನೋಡ್ತೀರಾ?" ಎಂದರು ಎಲ್ಲರಿಗೂ ಕೇಳುವ ಹಾಗೆ. "ನಾನು ನಾಳೆನೂ ಇಲ್ಲೇ ಇರ್ತೀನಿ. ಅದು ಹೊರಟಿದೆ. ಆ ಕಡೆ ತಿರುಗಿ. ಮುಂದಿನವರು ಯಾರು, ಬನ್ನಿ."